1926ರ ಪಡಸಾಲೆ ಮನೆ, ಯಲಬುರ್ಗಾ ಕಡೆ: ಎಂಥ ದೀಪ ಹಾಕಬೇಕು, ಎಂಥ ಸಾಮಾನು ಇಡಬೇಕು?

ಯಲಬುರ್ಗಾ ಪಡಸಾಲೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಜಿಲ್ಲೆ, ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಮುತ್ತಜ್ಜ ಹತ್ತಿ ವ್ಯಾಪಾರ ಮಾಡುತ್ತಿದ್ದಾಗ ಕಟ್ಟಿಸಿದ ಮನೆ ಇದೆ. ತಲೆಬಾಗಿಲ ಮೇಲೆ 1926 ಅಂತ ಕೆತ್ತಿದ್ದಾರೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ತೇಗದ ಕಂಬಗಳು. ಕಂಬದ ತಲೆಯ ಬೋದಿಗೆಗಳಲ್ಲಿ ಗಿಳಿ, ಬಾಳೆಮೊಗ್ಗು ಕೆತ್ತಿದ್ದಾರೆ. ಪಡಸಾಲೆಯ ಗೋಡೆ ತುಂಬ ಸಣ್ಣ ಸಣ್ಣ ಗೂಡುಗಳು. ಮಾಳಿಗೆಯಲ್ಲಿ ಬೆಳಕಿಂಡಿಗಳು.

ಹೋದ ವರ್ಷ ಮಾಳಿಗೆ ರಿಪೇರಿ ಮಾಡಿಸಿದೆವು. ಗೆದ್ದಲು ಹಿಡಿದ ಜಂತಿಗಳನ್ನು ಮಾತ್ರ ಬದಲಿಸಿದೆವು. ಗೋಡೆಗೆ ಸಿಮೆಂಟ್ ಮುಟ್ಟಿಸಲಿಲ್ಲ, ಪೂರ್ತಿ ಸುಣ್ಣವೇ. ಈಗ ಮನೆ ಗಟ್ಟಿಯಾಗಿದೆ, ಆದರೆ ಒಳಗೆ ಖಾಲಿ. ಪಾಲಾದಾಗ ಸಾಮಾನೆಲ್ಲ ಹಂಚಿಹೋಯಿತು. ಅಟ್ಟದಲ್ಲಿ ಉಳಿದದ್ದು ಎರಡು ಕಂದೀಲು, ಒಂದು ಪೆಟ್ರೋಮ್ಯಾಕ್ಸ್, ಎತ್ತರದ ಒಂದು ಹಿತ್ತಾಳೆ ಸಮೆ (ದೀಪದ ಕಂಬ), ಹಗ್ಗ ಹರಿದ ಹೊರಸು, ಕಾಲು ಮುರಿದ ಒಂದು ಬೆತ್ತದ ಕುರ್ಚಿ ಮತ್ತು ಮುತ್ತಜ್ಜ ಕಿರ್ದಿ (ವ್ಯಾಪಾರದ ಲೆಕ್ಕ) ಬರೆಯುತ್ತಿದ್ದ ಗಿಡ್ಡ ಇಳಿಜಾರು ಪೆಟ್ಟಿಗೆ. ಪಡಸಾಲೆಯ ತೊಲೆಯಲ್ಲಿ ತೂಗುಮಂಚದ ಕೊಂಡಿಗಳು ಇವೆ, ಮಂಚ ಇಲ್ಲ.

ತಮ್ಮ ಬೆಂಗಳೂರಿನಲ್ಲಿದ್ದಾನೆ. ಪಡಸಾಲೆಯ ನಡುವೆ ದೊಡ್ಡ ಗಾಜಿನ ಝೂಮರ್ (ಗೊಂಚಲು ತೂಗುದೀಪ) ಹಾಕೋಣ, ರಾಜಸ್ಥಾನಿ ಕೆತ್ತನೆಯ ಸೋಫಾ ತರಿಸೋಣ, ಹಳೇ ಮನೆಗೆ ಅದೇ ಒಪ್ಪೋದು ಅಂತಾನೆ. ನನಗೆ ಯಾಕೋ ಮನಸ್ಸು ಬರುತ್ತಿಲ್ಲ. ಯಾಕೆ ಅಂತ ಕೇಳಿದರೆ ಹೇಳೋದಕ್ಕೂ ಬರುತ್ತಿಲ್ಲ. ಸದ್ಯಕ್ಕೆ ಎರಡು ಎಲ್‌ಇಡಿ ಟ್ಯೂಬ್ ಹಾಕಿದ್ದೇವೆ. ಹಾಕಿದ ಕೂಡಲೇ ಪಡಸಾಲೆ ಗೋದಾಮಿನ ಹಾಗೆ ಕಾಣುತ್ತದೆ.

ಆ ಕಾಲಕ್ಕೆ ಸರಿಹೊಂದುವ ದೀಪ ಯಾವುದು, ಸಾಮಾನು ಯಾವುದು? ತಿಳಿದವರು ದಯವಿಟ್ಟು ಹೇಳಿ. ಅವ್ವ ಅಲ್ಲೇ ಇರುತ್ತಾಳೆ, ಎಪ್ಪತ್ತು ದಾಟಿದೆ. ಹಬ್ಬ, ಜಾತ್ರೆಗೆ ನಾವೆಲ್ಲ ಹೋಗುತ್ತೇವೆ.

ಗಂಗಾವತಿ ವೈರ್‌ಮನ್:

ಅಣ್ಣಾ, ನಿಮಗೆ ಮನಸ್ಸು ಬಾರದಿರೋದಕ್ಕೆ ಸರಿಯಾದ ಕಾರಣವೇ ಇದೆ. ನಾನು ಗಂಗಾವತಿ, ಆನೆಗೊಂದಿ, ಕನಕಗಿರಿ ಕಡೆ ಹಳೇ ಮನೆಗಳ ವೈರಿಂಗ್ ಮಾಡುವವನು. ನೋಡಿ ನೋಡಿ ನನಗೆ ಗಟ್ಟಿಯಾದ ಮಾತು ಒಂದೇ. ನಮ್ಮ ಕಡೆ ಪಡಸಾಲೆ ಕಟ್ಟಿದ್ದು ನೆಲದ ಮೇಲೆ ಕೂರುವವರಿಗೆ. ದೀಪವೂ ಅವರ ಅಳತೆಗೇ ಇತ್ತು. ಝೂಮರ್ ಬೆಳಕನ್ನು ಮೇಲಿಂದ ಸುರಿಯುತ್ತದೆ. ಸೋಫಾ ಕೂತವರನ್ನು ಒಂದೂವರೆ ಅಡಿ ಮೇಲೆತ್ತುತ್ತದೆ. ಎರಡೂ ಸೇರಿದರೆ ಮನೆಯ ಅಳತೆಯೇ ತಪ್ಪುತ್ತದೆ.

ಒಂದು ಸಂಜೆ ಆ ಟ್ಯೂಬ್ ಆರಿಸಿ. ಚಾಪೆ ಹಾಸಿ, ಗೋಡೆಗೆ ಒರಗಿ ಕೂತುಕೊಳ್ಳಿ. ಅಟ್ಟದ ಕಂದೀಲನ್ನು ಒರೆಸಿ, ಎದುರು ಗೋಡೆಯ ಗೂಡಿನಲ್ಲಿ ಹೊತ್ತಿಸಿಡಿ. ಆ ಗೂಡು ಕೂತವರ ತಲೆಗಿಂತ ಒಂದು ಗೇಣು ಮೇಲೆ ಇರುತ್ತದೆ, ನಿಂತವರ ಎದೆಮಟ್ಟಕ್ಕೆ. ಸುಮ್ನೆ ಅಲ್ಲಿ ಕೊರೆದಿದ್ದಲ್ಲ ಅದು. ಹೋಗುವಾಗ ಬರುವಾಗ ಕೈಗೆ ಸಿಗಬೇಕು, ಕೂತಾಗ ಕಣ್ಣಿಗೆ ಚುಚ್ಚಬಾರದು. ಬೆಳಕು ಸುಣ್ಣದ ಗೋಡೆಯನ್ನು ಸವರಿಕೊಂಡು ಬರುತ್ತದೆ. ಕಂಬಕ್ಕೆ ಪಕ್ಕದಿಂದ ಬೀಳುತ್ತದೆ, ಬೋದಿಗೆಗೆ ಕೆಳಗಿಂದ. ಗಿಳಿಯ ಕೊಕ್ಕು, ರೆಕ್ಕೆಯ ಗೆರೆ, ಬಾಳೆಮೊಗ್ಗಿನ ಒಂದೊಂದು ಪದರಿಗೂ ನೆರಳು ಹುಟ್ಟುತ್ತದೆ. ಕೆತ್ತಿದ ಬಡಗಿ ರಾತ್ರಿ ನೋಡಿದ್ದು ಅದನ್ನೇ. ಮೇಲಿಂದ ಬಿಳಿ ಬೆಳಕು ಬಿಟ್ಟರೆ ಆ ಗೆರೆಗಳೆಲ್ಲ ಅಳಿಸಿಹೋಗುತ್ತವೆ.

ಗೂಡಿನ ಮೇಲೆ ಹೊಗೆಯ ಕಪ್ಪು ಇದ್ದರೆ ದಯವಿಟ್ಟು ಅದರ ಮೇಲೆ ಸುಣ್ಣ ಬಳಿಯಬೇಡಿ. ಯಾವ ಗೂಡಿನಲ್ಲಿ ದಿನಾ ದೀಪ ಇತ್ತು, ಯಾವುದರಲ್ಲಿ ತಂಬಿಗೆ, ಅಡಿಕೆ ಎಲೆ ಇಡುತ್ತಿದ್ದರು ಅಂತ ಆ ಕಪ್ಪೇ ತೋರಿಸುತ್ತದೆ. ನಾನು ದೀಪ ಎಲ್ಲಿಡಬೇಕು ಅಂತ ಗುರುತು ಮಾಡೋದೇ ಅದನ್ನು ನೋಡಿ.

ಈಗ ಕಾಲದ ಮಾತು. 1926ರಲ್ಲಿ ನಿಮ್ಮ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ತುಂಗಭದ್ರಾ ಅಣೆಕಟ್ಟು ಮುಗಿದದ್ದೇ 1953ರಲ್ಲಿ. ಅಂದರೆ ಆ ಮನೆ ಕಟ್ಟಿದಾಗ ಕರೆಂಟಿನ ಯೋಚನೆ ಯಾರಿಗೂ ಇರಲಿಲ್ಲ. ಆದರೆ ಚಿಮಣಿ ಎಣ್ಣೆ (ಸೀಮೆಎಣ್ಣೆ) ಬಂದಾಗಿತ್ತು. ರಾಯಚೂರಿಗೆ 1871ರಲ್ಲೇ ಮುಂಬೈ ಕಡೆಯ ರೈಲೂ ಮದ್ರಾಸ್ ಕಡೆಯ ರೈಲೂ ಬಂದು ಕೂಡಿದವು. ಎಣ್ಣೆ ಡಬ್ಬಿ, ಕಂದೀಲು, ಗಾಜು ಎಲ್ಲಾ ಆ ದಾರಿಯಲ್ಲೇ ಬರುತ್ತಿತ್ತು. ಅದಕ್ಕೂ ಮುಂಚೆ ಔಡಲ ಎಣ್ಣೆಯ ಹಣತೆ, ಸಮೆ. ದೇವರ ಮುಂದೆ ಮಾತ್ರ ಆ ಎಣ್ಣೆ ದೀಪ ಕೊನೇವರೆಗೂ ಉಳಿಯಿತು. ಹತ್ತಿ ವ್ಯಾಪಾರಿ ಮನೆ ಅಂದರೆ ಮೂರು ಥರದ ಬೆಳಕು ಇದ್ದಿರಬೇಕು: ದೇವರಿಗೆ ಸಮೆ, ದಿನದ ಬಳಕೆಗೆ ಚಿಮಣಿ ಮತ್ತು ಕಂದೀಲು, ಮದುವೆ ಜಾತ್ರೆಗೆ ಗ್ಯಾಸ್ ಬತ್ತಿ, ಅಂದರೆ ಪೆಟ್ರೋಮ್ಯಾಕ್ಸ್. ನಿಮ್ಮ ಅಟ್ಟದಲ್ಲಿ ಅವು ಮೂರೂ ಸಿಕ್ಕಿವೆ. ಝೂಮರ್ ಸಿಕ್ಕಿಲ್ಲ, ಅಲ್ವಾ? ತಮ್ಮನಿಗೆ ಇದನ್ನೇ ಹೇಳಿ.

ಇನ್ನು ಬಲ್ಬಿನ ಲೆಕ್ಕ. ಬೆಳಕಿನ ಅಳತೆ ಲ್ಯೂಮೆನ್; ಒಂದು ಮೇಣದಬತ್ತಿ ಸುಮಾರು 12 ಲ್ಯೂಮೆನ್ ಬೆಳಕು ಕೊಡುತ್ತದೆ. ಒಳ್ಳೆ ಕಂದೀಲು ಏಳು ಮೇಣದಬತ್ತಿಯಷ್ಟು, ಅಂದರೆ 80-90 ಲ್ಯೂಮೆನ್. ಅಂಗಡಿಯಲ್ಲಿ ಸಿಗುವ 9 ವ್ಯಾಟಿನ ಎಲ್‌ಇಡಿ ಬಲ್ಬು ಸುಮಾರು 900. ಒಂದು ಬಲ್ಬಿಗೆ ಹತ್ತು ಕಂದೀಲು! ಗೂಡಿಗೆ 1 ವ್ಯಾಟ್ ಸಾಕು. ಹೆಚ್ಚೆಂದರೆ 2. ಬಣ್ಣ ಕೇಳಿ ತೆಗೆದುಕೊಳ್ಳಿ. ಡಬ್ಬಿಯ ಮೇಲೆ 6500ಕೆ (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇದ್ದರೆ ಅದು ಬಿಳಿ, ನೀಲಿ ಛಾಯೆಯದು. ನಿಮಗೆ ಬೇಕಾದದ್ದು 2200ಕೆ. ಅದು ಸಿಗದಿದ್ದರೆ 2700ಕೆ. ಕಂದೀಲಿನ ಜ್ವಾಲೆ 2000ಕೆ ಹತ್ತಿರ ಇರುತ್ತದೆ. ಸಿಆರ್‌ಐ ಅಂತ ಇನ್ನೊಂದು ಅಂಕಿ ಇರುತ್ತದೆ, 90ಕ್ಕಿಂತ ಜಾಸ್ತಿ ಇದ್ದರೆ ತೇಗದ ಕೆಂಪು, ಕೌದಿಯ ಬಣ್ಣ ಸರಿಯಾಗಿ ಕಾಣುತ್ತವೆ. ಬಲ್ಬು ನೇರ ಕಣ್ಣಿಗೆ ಬೀಳಬಾರದು. ಗೂಡಿನ ಒಳಗೆ, ಮುಂದಿನ ಅಂಚಿನ ಹಿಂದೆ, ಗೋಡೆಗೆ ಮುಖ ಮಾಡಿ ಇಡಿ.

ಹಳೇ ಕಂದೀಲನ್ನು ಕೊರೆದು ವೈರ್ ತೂರಿಸಬೇಡಿ. ಎಣ್ಣೆ ಬುಡ್ಡಿಗೆ ತೂತು ಬಿದ್ದರೆ ಅದು ಮತ್ತೆ ಕಂದೀಲಾಗಲ್ಲ. ಅದರ ಗಾಜಿನೊಳಗೆ ಚಾರ್ಜ್ ಮಾಡುವ ಸಣ್ಣ ಎಲ್‌ಇಡಿ ಇಡಬಹುದು, ಬೇಡವಾದಾಗ ತೆಗೆಯಬಹುದು. ವೈರ್ ಹಾಕಲೇಬೇಕು ಅಂದರೆ ಸಂತೆಯಲ್ಲಿ ಹೊಸ ಕಂದೀಲು ಕೊಂಡು ಅದಕ್ಕೆ ಹಾಕಿಸಿ.

ರಾಯಚೂರಿನ ಅಕ್ಕ:

ವೈರ್‌ಮನ್ ಅಣ್ಣ ಹೇಳಿದ ನೆಲದ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಿಮ್ಮ ಮನೆಯಲ್ಲಿ ಹಳೇ ದೇವರ ಪಟಗಳು ಇದ್ದಿದ್ದರೆ ಅವು ಗೋಡೆಯ ಮೇಲ್ಭಾಗದಲ್ಲಿ, ಮುಂದಕ್ಕೆ ಬಾಗಿ ತೂಗುತ್ತಿದ್ದವು. ಕೆಳಗಿನ ಅಂಚು ಗೋಡೆಗೆ, ಮೇಲಿನ ಅಂಚು ದಾರದಲ್ಲಿ ಮುಂದಕ್ಕೆ. ಚಾಪೆಯ ಮೇಲೆ ಕೂತವರಿಗೆ ನೇರ ಮುಖ ಕಾಣಲಿ ಅಂತ. ಈಗಿನವರು ಅದನ್ನು ಗೋಡೆಗೆ ಅಂಟಿಸಿ ನೆಟ್ಟಗೆ ಹೊಡೆಯುತ್ತಾರೆ, ಗಾಜಿನಲ್ಲಿ ಬರೀ ಬೆಳಕಿಂಡಿಯ ಹೊಳಪು ಕಾಣುತ್ತದೆ. ರವಿವರ್ಮರ ಅಚ್ಚುಕೂಟ ಮುಂಬೈಯಲ್ಲಿ ಶುರುವಾದದ್ದು 1894ರಲ್ಲಿ. ಅಲ್ಲಿಂದ ಲಕ್ಷ್ಮಿ, ಸರಸ್ವತಿ ಪಟಗಳು ಊರೂರಿಗೆ ಬಂದವು. 1926ರ ವ್ಯಾಪಾರಿ ಮನೆಗೆ ಅದು ಪೂರ್ತಿ ಒಪ್ಪುತ್ತದೆ. ನೆಂಟರ ಮನೆಗಳಲ್ಲಿ ವಿಚಾರಿಸಿ, ಪಾಲಿನಲ್ಲಿ ಹೋದದ್ದು ಯಾರದೋ ಅಟ್ಟದಲ್ಲಿ ಇದ್ದೇ ಇರುತ್ತದೆ. ಮೂಲ ಪಟ ಸಿಕ್ಕರೆ ಬೆಳಕಿಂಡಿಯ ಬಿಸಿಲು ನೇರ ಬೀಳುವ ಗೋಡೆಗೆ ಹಾಕಬೇಡಿ, ಬಣ್ಣ ಹೋಗುತ್ತದೆ.

ಸಾಮಾನಿನ ವಿಷಯ. ನಿಮ್ಮ ಮುತ್ತಜ್ಜನ ಕಿರ್ದಿ ಪೆಟ್ಟಿಗೆ ಇದೆಯಲ್ಲ, ಅದೇ ನಿಮ್ಮ ಪಡಸಾಲೆಯ ಮುಖ್ಯ ಸಾಮಾನು. ಅದರ ಸುತ್ತಲೇ ಉಳಿದದ್ದು ಹೊಂದಿಸಿ. ಗೋಡೆಗೆ ಒಂದು ಗಾದಿ, ಬಿಳಿ ಹೊದಿಕೆ, ಹಿಂದೆ ಒರಗಲು ಎರಡು ಲೋಡು. ಗಾದಿಗೆ ಫೋಮ್ ಬೇಡ, ಹತ್ತಿ ತುಂಬಿಸಿ. ಹತ್ತಿ ವ್ಯಾಪಾರಿ ಮನೆಯಲ್ಲಿ ಫೋಮಿನ ಗಾದಿ ಏನು ಚೆಂದ? ಮುಂದೆ ಕಿರ್ದಿ ಪೆಟ್ಟಿಗೆ, ಪಕ್ಕದ ಗೂಡಿನಲ್ಲಿ ದೀಪ. ನಡುವೆ ಜಮಖಾನ. ನವಲಗುಂದದ ಜಮಖಾನ ಸಿಕ್ಕರೆ ತುಂಬ ಒಳ್ಳೆಯದು, ಅಲ್ಲಿ ಹೆಣ್ಣುಮಕ್ಕಳೇ ಮಗ್ಗದಲ್ಲಿ ನೇಯುತ್ತಾರೆ, ನವಿಲು, ಚೌಕಾಬಾರದ ಮನೆಗಳು ಅದರಲ್ಲಿ ಬರುತ್ತವೆ. ಬೆಲೆ ಜಾಸ್ತಿ ಅನ್ನಿಸಿದರೆ ಕುರಿ ಉಣ್ಣೆಯ ಕರಿ ಕಂಬಳಿ ಹಾಸಿ. ನಮ್ಮ ಭಾಗದ ಮನೆಗೆ ಅದಕ್ಕಿಂತ ಹೊಂದುವ ಹಾಸಿಗೆ ಇಲ್ಲ.

ಹೊರಸನ್ನು ಎಸೆಯಬೇಡಿ. ಹಗ್ಗ ಹೊಸದು ಹೆಣೆಯಿಸಿ, ನೈಲಾನ್ ಮಾತ್ರ ಬೇಡ. ಅದರ ಮೇಲೆ ಕೌದಿ. ಕೌದಿಯನ್ನು ಆನ್‌ಲೈನಿನಲ್ಲಿ ತರಿಸುವ ಬದಲು ಅವ್ವನ ಹಳೇ ಇಳಕಲ್ ಸೀರೆಗಳನ್ನು ಕೊಟ್ಟು ಊರಲ್ಲೇ ಹೊಲಿಸಿ. ಸವೆದ ಸೀರೆಯ ಮೆತ್ತಗೆ ಹೊಸ ಬಟ್ಟೆಗೆ ಬರಲ್ಲ. ಕೆಂಪು ಸೆರಗು ನಡುವೆ ಬರಲಿ, ಅಂಚಿಗೆ ಗಾಢ ಬಣ್ಣ. ಹೊಲಿಗೆ ಸಾಲು ಬೆರಳಗಲ ದೂರ ಇದ್ದರೆ ಗಟ್ಟಿ ಬಾಳುತ್ತದೆ, ಅದಕ್ಕಿಂತ ದೂರ ಹೊಲಿದರೆ ತೊಳೆದಾಗ ಒಳಪದರು ಗುಂಪಾಗುತ್ತದೆ.

ಮಕ್ಕಳಿಗೆ ನೋಡಲು ಏನಾದರೂ ಬಣ್ಣದ್ದು ಬೇಕಲ್ಲ? ಕೊಪ್ಪಳದ ಪಕ್ಕದಲ್ಲೇ ಕಿನ್ನಾಳ ಇದೆ. ಚಿತ್ರಗಾರರ ಮನೆಗಳಲ್ಲಿ ಇವತ್ತಿಗೂ ಕೆಲಸ ನಡೆಯುತ್ತಿದೆ. ಹಗುರ ಮರ, ಹುಣಸೆ ಬೀಜದ ಅಂಟು, ಮರದ ಪುಡಿ, ಗೋಣಿ ನಾರು, ಅದರ ಮೇಲೆ ಬಣ್ಣ. ಒಡವೆ, ಕಿರೀಟದ ಜಾಗಕ್ಕೆ ತವರದ ಅಂಟು ಲೇಪ ಹಚ್ಚಿ ಉಜ್ಜಿ ಹೊಳಪು ತರಿಸುತ್ತಾರೆ, ಅದಕ್ಕೆ ಲಾಜವರ ಅಂತಾರೆ. ಗೌರಿ, ಗರುಡ, ಆನೆ ಯಾವುದಾದರೂ ಒಂದೇ ಒಂದು ತಂದು ದೀಪದ ಪಕ್ಕದ ಗೂಡಿನಲ್ಲಿಡಿ. ಆ ಲಾಜವರ ಹಳದಿ ಬೆಳಕಿಗೆ ಹೊಳೆಯೋದನ್ನು ನೋಡಬೇಕು. ಟ್ಯೂಬ್‌ಲೈಟಿಗೆ ಅದೇ ಗೊಂಬೆ ಮಂಕಾಗಿ ಕೂರುತ್ತದೆ.

ಅಡುಗೆಮನೆಗೆ ಏನೂ ಹೊಸದು ಬೇಡ. ನೆಲದಲ್ಲಿ ಹೂತ ಒರಳು ಇದ್ದರೆ ಕೀಳಿಸಬೇಡಿ, ನೀರಿನ ಕೊಡಕ್ಕೆ ಒಂದು ಗಡಂಚಿ ಇಡಿ, ಸಾಕು. ಗ್ಯಾಸು, ಮಿಕ್ಸರ್ ಅವ್ವನಿಗೆ ಬೇಕೇ ಬೇಕು, ಅವುಗಳನ್ನು ಬಚ್ಚಿಡೋ ಕಷ್ಟ ಯಾಕೆ? ಇರಲಿ.

ಬಳ್ಳಾರಿ ಕೋಟೆ ಹತ್ತಿರದವನು:

ನಾನು ಬಳ್ಳಾರಿಯವನು. ನಮ್ಮ ಹಳೇ ಬಂಗಲೆ ನೋಡಿ ನಿಮ್ಮ ಮನೆಗೆ ಐಡಿಯಾ ತೆಗೆದುಕೊಳ್ಳಬೇಡಿ ಅಂತ ಹೇಳಲು ಬರೆಯುತ್ತಿದ್ದೇನೆ. ಬಹಳ ಜನ ಎರಡನ್ನೂ ಕಲಸುತ್ತಾರೆ. ಬಳ್ಳಾರಿಯನ್ನು ನಿಜಾಮರು 1800ರಲ್ಲೇ ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರ್ ಆಗಿದ್ದವನು. 1953ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು. ಇಲ್ಲಿ ಸೈನ್ಯದ ದಂಡು ಇತ್ತು. ಹಾಗಾಗಿ ಎತ್ತರದ ಮಾಡು, ಉದ್ದ ವರಾಂಡ, ಕೈ ಚಾಚುವ ಈಸಿಚೇರು, ಊಟಕ್ಕೆ ಮೇಜು. ಬೇಸಿಗೆಗೆ ಬಟ್ಟೆಯ ಪಂಖಾ ಎಳೆಯುತ್ತಿದ್ದರು, ಅದರ ಕೊಂಡಿಗಳು ಹಳೇ ಬಂಗಲೆಗಳ ಮಾಡಿನಲ್ಲಿ ಈಗಲೂ ಕಾಣಸಿಗುತ್ತವೆ. ಅಂಥ ಮನೆಗೆ ಮೇಜಿನ ಮೇಲೆ ತೂಗುವ ದೀಪ ಸರಿ. ಯಾಕೆಂದರೆ ಅಲ್ಲಿ ಮೇಜಿತ್ತು, ಸುತ್ತ ಕುರ್ಚಿಯಲ್ಲಿ ಜನ ಕೂರುತ್ತಿದ್ದರು. ತುಂಗಭದ್ರೆಯ ಈಚೆ ಬದಿ, ಆಚೆ ಬದಿ ಅಷ್ಟೇ ದೂರ. ಆದರೆ ಮನೆಯ ಒಳಗು ಬೇರೆಯೇ.

ಹಾಗಂತ ನಿಮ್ಮ ಮನೆಯಲ್ಲಿ ಕುರ್ಚಿಯೇ ಇರಬಾರದು ಅಂತಲ್ಲ. ಅಮಲ್ದಾರರು, ಹತ್ತಿ ಖರೀದಿಯವರು ಬಂದಾಗ ಕೂರಿಸಲು ಒಂದೆರಡು ಕುರ್ಚಿ ವ್ಯಾಪಾರಿಗಳು ಇಟ್ಟುಕೊಳ್ಳುತ್ತಿದ್ದರು. ಆ ಮುರಿದ ಬೆತ್ತದ ಕುರ್ಚಿಯ ಬೆನ್ನು, ಹಿಂಗಾಲು ಒಂದೇ ಬಾಗಿದ ಕೋಲಿನದಾ ನೋಡಿ. ಹಾಗಿದ್ದರೆ ಅದು ವಿಯೆನ್ನಾದ ಥೋನೆಟ್ ಮಾದರಿ. ಮೈಕೆಲ್ ಥೋನೆಟ್ ಅನ್ನುವವನು ಮರವನ್ನು ಉಗಿಯಲ್ಲಿ ಬೇಯಿಸಿ ಬಾಗಿಸಿ 1859ರಲ್ಲಿ ತಂದ ಕುರ್ಚಿ. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಡಿಸಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಹಡಗು, ರೈಲು, ಗಾಡಿ ಹತ್ತಿ ಹಳ್ಳಿವರೆಗೂ ಬರಲು ಅದೇ ಕಾರಣ. ಆಸನದ ಕೆಳಗೆ ಒಳಅಂಚಿನಲ್ಲಿ ಚೀಟಿಯೋ ಮುದ್ರೆಯೋ ಉಳಿದಿರಬಹುದು, ಉಜ್ಜುವ ಮೊದಲು ಟಾರ್ಚ್ ಹಿಡಿದು ನೋಡಿ.

ಪಾಲಿಷ್ ಬಗ್ಗೆ ಒಂದು ಮಾತು. ಬಡಗಿಗಳು ಬಂದ ಕೂಡಲೇ ಮೆಷಿನ್ ಹಿಡಿದು ಉಜ್ಜಿ, ಪಿಯು (ಪಾಲಿಯುರೆಥೇನ್ ಲೇಪ) ಹೊಡೆದು, ಪಳಪಳ ಮಾಡಿಕೊಡುತ್ತಾರೆ. ಬಿಡಬೇಡಿ. ಮೊದಲು ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಷ್. ಅದಕ್ಕೆ ಮತ್ತೆ ಅರಗಿನ ಪಾಲಿಷನ್ನೇ ತೆಳ್ಳಗೆ ಕೊಡಬಹುದು, ಹಳೆಯದನ್ನು ಕೆರೆಯುವ ಅಗತ್ಯವೇ ಇಲ್ಲ. ಕಂಬಗಳಿಗೆ ಅಗಸೆ ಎಣ್ಣೆ ಸಾಕು. ಸ್ವಲ್ಪ ಟರ್ಪಂಟೈನ್ ಬೆರೆಸಿ, ಬಟ್ಟೆಯಲ್ಲಿ ತಿಕ್ಕಿ, ಅರ್ಧ ಗಂಟೆಯಲ್ಲಿ ಒರೆಸಿಬಿಡಿ. ಇದನ್ನು ಮಾತ್ರ ನೆನಪಿಡಿ: ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೊಳಗೇ ಬಿಸಿಯಾಗಿ ತಾನಾಗೇ ಬೆಂಕಿ ಹತ್ತಬಹುದು. ಬಯಲಲ್ಲಿ ಬಿಡಿಸಿ ಒಣಗಿಸಿ, ಇಲ್ಲಾ ನೀರಿನ ಬಕೆಟ್ಟಿಗೆ ಹಾಕಿ. ಮರದ ಮನೆ ಅದು.

ಕುಷ್ಟಗಿ ಮಾಸ್ತರ್:

ಎಲ್ಲರ ಮಾತೂ ಚೆನ್ನಾಗಿದೆ. ಆದರೆ ಎಪ್ಪತ್ತು ದಾಟಿದ ತಾಯಿ ಆ ಮನೆಯಲ್ಲಿ ಒಬ್ಬರೇ ಇರುತ್ತಾರೆ ಅನ್ನೋದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನನಗೂ ವಯಸ್ಸಾಗಿದೆ, ಅದಕ್ಕೇ ಹೇಳುತ್ತೇನೆ. ಅರವತ್ತರ ಕಣ್ಣಿನ ಒಳಗೆ ಹೋಗಿ ಮುಟ್ಟುವ ಬೆಳಕು, ಇಪ್ಪತ್ತರ ಕಣ್ಣಿಗೆ ಮುಟ್ಟುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ನಿಮಗೆ ಸೊಗಸಾಗಿ ಕಾಣುವ ಒಂದು ವ್ಯಾಟಿನ ಬೆಳಕು ಅವರಿಗೆ ಕತ್ತಲೆ. ಹಳೇ ಮನೆಗಳಲ್ಲಿ ಹೊಸ್ತಿಲು ಗೇಣುದ್ದ ಎತ್ತರ. ದನ ಕಟ್ಟುವ ದಂದಕ್ಕಿಯಿಂದ ಪಡಸಾಲೆಗೆ ಕಟ್ಟೆ ಹತ್ತಬೇಕು. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಎಡವಿ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಮನೆ ಹಳೇ ಕಾಲದ್ದು ಇರಲಿ, ಆದರೆ ಅಕ್ಕಿಯಲ್ಲಿ ಕಲ್ಲು ಆರಿಸಲು, ಮಾತ್ರೆಯ ಹೆಸರು ಓದಲು ಅವರಿಗೆ ಬೆಳಕು ಬೇಕು. ಚೆಂದಕ್ಕೋಸ್ಕರ ತಾಯಿಯನ್ನು ಕತ್ತಲಲ್ಲಿ ಕೂರಿಸಬೇಡಿರಪ್ಪಾ.

ಗಂಗಾವತಿ ವೈರ್‌ಮನ್:

ಮಾಸ್ತರ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಇದಕ್ಕೆ ದಾರಿ ಇದೆ. ವೈರಿಂಗನ್ನು ಎರಡು ಭಾಗ ಮಾಡಬೇಕು. ಒಂದು ಗೂಡಿನ ದೀಪಗಳದ್ದು, ಇನ್ನೊಂದು ಕೆಲಸದ ಬೆಳಕಿನದು. ಸ್ವಿಚ್ಚೂ ಬೇರೆ ಬೇರೆ.

ಕೆಲಸದ ಬೆಳಕಿಗೆ ತೊಲೆಗಳ ಮೇಲ್ಮೈ ಬಳಸಿಕೊಳ್ಳಿ. ತೊಲೆಯ ಮೇಲೆ, ಜಂತಿಗಳ ಸಂದಿನಲ್ಲಿ, ಎಲ್‌ಇಡಿ ಪಟ್ಟಿಯನ್ನು ಮೇಲ್ಮುಖವಾಗಿ ಇಟ್ಟರೆ ಕೆಳಗೆ ನಿಂತವರಿಗೆ ಪಟ್ಟಿ ಕಾಣಲ್ಲ. ಬೆಳಕು ಮಾಳಿಗೆಯ ಹಲಗೆಗೆ ಬಡಿದು ಮೆತ್ತಗೆ ಇಳಿಯುತ್ತದೆ. ಅದು 2700ಕೆ ಇರಲಿ. ಅವ್ವ ಕೂರುವ ಜಾಗದಲ್ಲಿ, ಹೊರಸಿನ ಪಕ್ಕ, ಓದಲು ಒಂದು ಮೇಜಿನ ದೀಪ, 800 ಲ್ಯೂಮೆನ್ನಿನದು, ಗಿಡ್ಡ ಸ್ಟೂಲಿನ ಮೇಲೆ. ಅದು ಹೊಸ ಕಾಲದ್ದೇ ಇರಲಿ, ಏನೂ ತೊಂದರೆ ಇಲ್ಲ. ಹೊಸ್ತಿಲು, ಕಟ್ಟೆಯ ಪಕ್ಕ ಪಾದದ ಎತ್ತರಕ್ಕೆ ಅರ್ಧ ವ್ಯಾಟಿನ ದೀಪ, ರಾತ್ರಿಯೆಲ್ಲ ಉರಿಯಲಿ. ಆರಿಸುವ ಸ್ವಿಚ್ಚು ಹೊರಸಿನಲ್ಲಿ ಮಲಗಿದವರ ಕೈಗೆ ಸಿಗಬೇಕು. ಹೊಸ್ತಿಲಿನ ಅಂಚಿಗೆ ಕೆಮ್ಮಣ್ಣು, ಸುಣ್ಣದ ಪಟ್ಟೆ ಹೊಡೆಯೋ ರೂಢಿ ಇದೆಯಲ್ಲ, ಅದನ್ನು ಬಿಡಬೇಡಿ. ಕತ್ತಲಲ್ಲಿ ಹೊಸ್ತಿಲು ಗೊತ್ತಾಗೋದೇ ಅದರಿಂದ.

ಇನ್ನು ವೈರ್ ಎಳೆಯೋದು ಹೇಗೆ. ಮಣ್ಣಿನ ಗೋಡೆಯನ್ನು ಕಟರ್ ಹಾಕಿ ಕೊರೆಯಲೇಬೇಡಿ. ಕಲ್ಲುಗಳ ನಡುವಿನ ಮಣ್ಣು ಅದರುತ್ತದೆ, ಸುಣ್ಣ ಸುಲಿದುಬರುತ್ತದೆ, ಆಮೇಲೆ ಆ ಕಾಲುವೆಗೆ ಸಿಮೆಂಟ್ ತುಂಬುತ್ತಾರೆ. ಸಿಮೆಂಟ್ ತೇವ ಹೊರಗೆ ಬಿಡಲ್ಲ, ಪಕ್ಕದ ಮಣ್ಣು ಉಬ್ಬಿ ಉಪ್ಪು ಹೂ ಬಿಡುತ್ತದೆ. ಹಳ್ಳಿಗಳಿಗೆ ಮೊದಲು ಕರೆಂಟು ಬಂದಾಗ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ವೈರ್ ಎಳೆಯುತ್ತಿದ್ದರು, ಬ್ಯಾಟನ್ ವೈರಿಂಗ್ ಅಂತ. ಅದನ್ನೇ ಮಾಡಿಸಿ. ತೇಗದ ಪಟ್ಟಿ ತೊಲೆಯ ಪಕ್ಕಕ್ಕೆ ಹೋಗಲಿ, ಕೆತ್ತನೆ ಇಲ್ಲದ ಕಡೆ. ಮರದ ಗುಂಡು ಬ್ಲಾಕು, ಅದರ ಮೇಲೆ ಕರಿ ಬೇಕಲೈಟಿನ ಗುಂಡು ಸ್ವಿಚ್ಚು. ಹುಬ್ಬಳ್ಳಿ, ಹೈದರಾಬಾದಿನ ಹಳೇ ಇಲೆಕ್ಟ್ರಿಕ್ ಅಂಗಡಿಗಳಲ್ಲಿ ಕೇಳಿ ನೋಡಿ. ಹೊರಗಿನ ರೂಪ ಮಾತ್ರ ಹಳೆಯದು, ಒಳಗೆ ಎಲ್ಲಾ ಹೊಸದೇ ಇರಬೇಕು: ಬೆಂಕಿ ಹಿಡಿಯದ ಎಫ್‌ಆರ್ ವೈರು, ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಎಂಸಿಬಿ, ಸರಿಯಾದ ಅರ್ಥಿಂಗು, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ. ಹಳೇ ರಬ್ಬರ್ ವೈರು ಎಲ್ಲಾದರೂ ಉಳಿದಿದ್ದರೆ ಮೊದಲು ಕಿತ್ತುಹಾಕಿ. ಮುಟ್ಟಿದರೆ ಪುಡಿಯಾಗುತ್ತದೆ ಆ ರಬ್ಬರು. ಕಿಟ್‌ಕ್ಯಾಟ್ ಫ್ಯೂಸಿನ ಪಿಂಗಾಣಿ ಚೆನ್ನಾಗಿದ್ದರೆ ಗೋಡೆಯಲ್ಲಿ ಹಾಗೇ ಇರಲಿ, ಕರೆಂಟ್ ಮಾತ್ರ ಅದರಲ್ಲಿ ಹರಿಯಬಾರದು.

ಆನೆಗೊಂದಿಯಲ್ಲಿ ಇಂಥ ಮನೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಸೂಚನೆ. ನಿಮ್ಮದು ಹಂಪಿ ಪ್ರಾಧಿಕಾರದ ವ್ಯಾಪ್ತಿ. ಗೋಡೆ, ಮಾಳಿಗೆ ಬದಲಿಸುವ ಮೊದಲು ಅವರ ಅನುಮತಿ ಕೇಳಿ.

ಯಲಬುರ್ಗಾ ಪಡಸಾಲೆ:

ಎಲ್ಲರಿಗೂ ಕೈ ಮುಗಿದೆ. ನಿನ್ನೆ ಊರಿಗೆ ಬಂದು ವೈರ್‌ಮನ್ ಅಣ್ಣ ಹೇಳಿದಂತೆ ಕಂದೀಲು ಇಟ್ಟು ನೋಡಿದೆ. ತಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಝೂಮರ್ ಮಾತು ಬಿಟ್ಟಿದ್ದಾನೆ, ಸೋಫಾ ಇನ್ನೂ ಬಿಟ್ಟಿಲ್ಲ. ಮಂಡಿನೋವು ಇರುವ ನೆಂಟರು ನೆಲದ ಮೇಲೆ ಹೇಗೆ ಕೂರುತ್ತಾರೆ ಅಂತ ಕೇಳುತ್ತಾನೆ, ಅದೂ ನಿಜವೇ. ಮೂರು ಗೂಡಿನ ಮೇಲೆ ಕಪ್ಪು ಸ್ಪಷ್ಟವಾಗಿದೆ, ಅವು ಮೂರೂ ಬಾಗಿಲ ಪಕ್ಕದವು. ಅವ್ವನಿಗೆ ಕೆಲಸದ ಬೆಳಕು ಬೇರೆ ಮಾಡಿಸುತ್ತೇನೆ, ಮಾಸ್ತರ್ ಸರ್. ಕುರ್ಚಿಯ ಬೆನ್ನು, ಹಿಂಗಾಲು ಒಂದೇ ಕೋಲಿನದು! ಚೀಟಿ ಇಲ್ಲ, ಅಂಟಿಸಿದ್ದ ಗುರುತು ಮಾತ್ರ ಇದೆ.

ಇನ್ನು ಮೂರು ಪ್ರಶ್ನೆ. ಸಮೆ ಪೂರ್ತಿ ಕಪ್ಪಾಗಿದೆ, ಹೇಗೆ ತೊಳೆಯಲಿ? ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಫ್ಯಾನ್ ಎಲ್ಲಿ ಹಾಕಲಿ? ಪೆಟ್ರೋಮ್ಯಾಕ್ಸ್ ಜಾತ್ರೆಗೆ ಹೊತ್ತಿಸಬಹುದಾ?

ರಾಯಚೂರಿನ ಅಕ್ಕ:

ಸಮೆಗೆ ಹುಣಸೆಹಣ್ಣು, ಸ್ವಲ್ಪ ಉಪ್ಪು. ನೆನೆಸಿ, ಮೆತ್ತಗೆ ಉಜ್ಜಿ, ಬೇಗ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಹುಳಿ ಮೇಲೆ ನಿಂತರೆ ಕೆಂಪು ಕಲೆ ಬೀಳುತ್ತದೆ. ಸ್ಟೀಲ್ ನಾರು ಬೇಡ. ಗೆರೆಗಳ ಸಂದಿನ ಕಪ್ಪು ಪೂರ್ತಿ ತೆಗೆಯಲು ಹೋಗಬೇಡಿ, ಕೆತ್ತನೆ ಎದ್ದು ಕಾಣೋದು ಅದರಿಂದಲೇ. ಮೇಲೆ ವಾರ್ನಿಷ್ ಹೊಡೆಯಬೇಡಿ, ದೀಪ ಹಚ್ಚಿದಾಗ ಸುಟ್ಟ ವಾಸನೆ ಬರುತ್ತದೆ.

ಮಂಡಿನೋವಿನವರಿಗೆ ತೂಗುಮಂಚ ಮಾಡಿಸಿ. ಕೊಂಡಿಗಳು ಹೇಗೂ ಇವೆ. ಗಾದಿ ಹಾಕಿದ ಮೇಲೆ ಮೊಣಕಾಲ ಎತ್ತರಕ್ಕೆ ಬರುವಂತೆ ಸರಪಳಿ ಕಟ್ಟಿಸಿ, ಕೂರಲು ಏಳಲು ಸುಲಭ. ಅಲುಗಾಡದಂತೆ ನಿಲ್ಲಿಸಲು ಕೆಳಗೆ ಒಂದು ಗುಣಿಕೆ (ಸಿಕ್ಕಿಸುವ ಕೊಕ್ಕೆ) ಇರಲಿ. ಸೋಫಾಗೆ ಕೊಡುವ ದುಡ್ಡಿನಲ್ಲಿ ತೇಗದ ಹಲಗೆಯೇ ಬರುತ್ತದೆ.

ಗಂಗಾವತಿ ವೈರ್‌ಮನ್:

ತೂಗುಮಂಚ ಹಾಕುವ ಮೊದಲು ಬಡಗಿಯನ್ನು ಕರೆಸಿ ಆ ತೊಲೆಯನ್ನು ಎರಡೂ ತುದಿಯಲ್ಲಿ, ಗೋಡೆಯೊಳಗೆ ಹೋಗುವ ಜಾಗದಲ್ಲಿ ಬಡಿದು ನೋಡಿಸಿ. ಗೆದ್ದಲು ಮೊದಲು ಹಿಡಿಯೋದು ಅಲ್ಲೇ. ಟೊಳ್ಳು ಸದ್ದು ಬಂದರೆ ಭಾರ ಹಾಕಬೇಡಿ.

ಫ್ಯಾನನ್ನು ಜಂತಿಗೆ ತೂಗುಹಾಕಬೇಡಿ. ಅದರ ಅದುರಿಗೆ ಮಾಳಿಗೆಯ ಮಣ್ಣು ಸಂದಿನಿಂದ ಉದುರುತ್ತಲೇ ಇರುತ್ತದೆ. ದಪ್ಪ ತೊಲೆಗೆ ಕಬ್ಬಿಣದ ಪಟ್ಟಿ ಸುತ್ತಿ ಬೋಲ್ಟ್ ಮಾಡಿ, ಅದಕ್ಕೆ ತೂಗಿಸಬಹುದು, ಮರಕ್ಕೆ ತೂತು ಬೀಳಲ್ಲ. ಎತ್ತರ ಕಡಿಮೆ ಇದ್ದರೆ ಅದೂ ಬೇಡ, ಒಂದು ನಿಲ್ಲಿಸುವ ಫ್ಯಾನು ತನ್ನಿ. ನೆಲದ ಮೇಲೆ ಕೂತವರಿಗೆ ಅದರ ಗಾಳಿಯೇ ಚೆನ್ನಾಗಿ ಸಿಗುತ್ತದೆ. ಬೆಳಕಿಂಡಿಗಳನ್ನು ಗಾಜು ಹಾಕಿ ಪೂರ್ತಿ ಮುಚ್ಚಿಸಿದ್ದೀರಾ? ಮುಚ್ಚಿಸಿದ್ದರೆ ಒಂದೆರಡನ್ನಾದರೂ ತೆರೆಯುವಂತೆ ಮಾಡಿಸಿ. ಬಿಸಿಗಾಳಿ ಹೊರಗೆ ಹೋಗುವ ದಾರಿ ಅದೊಂದೇ.

ಪೆಟ್ರೋಮ್ಯಾಕ್ಸ್ ಖಂಡಿತ ಹೊತ್ತಿಸಬಹುದು, ಆದರೆ ಅಂಗಳದಲ್ಲಿ. ಮೊದಲು ತಳದ ಟ್ಯಾಂಕಿಗೆ ತುಕ್ಕು ಹಿಡಿದಿದೆಯಾ ನೋಡಿ. ಒಳಗೆ ಗಾಳಿ ಒತ್ತಡ ಇರುತ್ತದೆ, ತೆಳುವಾದ ಟ್ಯಾಂಕು ಅಪಾಯ. ಒಣ ಟ್ಯಾಂಕಿಗೆ ಗಾಳಿ ಹೊಡೆದು, ಸಾಬೂನು ನೀರು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ. ಪಂಪಿನ ಚರ್ಮದ ವಾಷರ್ ಒಣಗಿರುತ್ತದೆ, ಎರಡು ಹನಿ ಎಣ್ಣೆ ಬಿಡಿ. ಹಳೇ ಬತ್ತಿ ಬಲೆಗಳಲ್ಲಿ (ಮ್ಯಾಂಟಲ್) ಥೋರಿಯಂ ಅನ್ನುವ ವಿಕಿರಣ ಸೂಸುವ ಲೋಹ ಇರುತ್ತಿತ್ತು, ಅದರ ಬೂದಿಯನ್ನು ಉಸಿರಿಗೆ ತೆಗೆದುಕೊಳ್ಳಬಾರದು. ಅಟ್ಟದಲ್ಲಿ ಬಲೆ ಉಳಿದಿದ್ದರೆ ಅದನ್ನು ಬಳಸದೆ ಹೊಸದು ಕೊಳ್ಳಿ. ಜಾತ್ರೆ ಮುಂಚೆ ಒಂದು ಸಲ ಹೊತ್ತಿಸುವವರು ಗೊತ್ತಿದ್ದವರನ್ನೇ ಕರೆಸಿ ಪರೀಕ್ಷೆ ಮಾಡಿ. ಊರಲ್ಲಿ ಯಾರೂ ಇಲ್ಲದಿದ್ದರೆ ನನಗೆ ಮೆಸೇಜ್ ಹಾಕಿ, ನಾನೇ ಬರುತ್ತೇನೆ. ಬರುವಾಗ ಗುಂಡು ಸ್ವಿಚ್ಚುಗಳನ್ನೂ ತರುತ್ತೇನೆ, ಎಷ್ಟು ಬೇಕು ಅಂತ ಎಣಿಸಿಡಿ.